ನವೆಂಬರ್‌ನಲ್ಲೋ, ಜನವರಿಯಲ್ಲೋ? ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಸುತ್ತನ್ನು ಆರಿಸುವ ಬಗೆ

ಮಗಳೋ ಮಗನೋ ಅಮೆರಿಕದ ದೊಡ್ಡ ಹೆಸರಿನ ಕಾಲೇಜಿನಲ್ಲಿ ಡಿಗ್ರಿ ಓದಬೇಕು ಅಂತ ಹೊರಟಿರುವ ಮನೆಗಳಲ್ಲಿ ಸೆಪ್ಟೆಂಬರ್ ಹೊತ್ತಿಗೆ ಒಂದು ಚರ್ಚೆ ಶುರುವಾಗುತ್ತದೆ. ನವೆಂಬರ್‌ನಲ್ಲೇ ಅರ್ಜಿ ಹಾಕಿಬಿಡೋಣವಾ, ಜನವರಿವರೆಗೆ ಕಾಯೋಣವಾ? ಬೇಗ ಹಾಕಿದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ ಅಂತ ಪಕ್ಕದ ಮನೆಯವರು ಹೇಳಿರುತ್ತಾರೆ, ಕನ್ಸಲ್ಟೆಂಟ್ ಹೇಳಿರುತ್ತಾರೆ, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಬ್ಬರು ಹೇಳುತ್ತಾರೆ.

ಆ ಮಾತು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದು ಪ್ರಶ್ನೆ ಕೇಳುವ ಕ್ರಮದಲ್ಲಿ. ಎಲ್ಲರೂ ಮೊದಲು ಶೇಕಡಾವಾರು ನೋಡುತ್ತಾರೆ, ಹಣದ ಮಾತು ಕೊನೆಗೆ ಬರುತ್ತದೆ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕು. ಮೊದಲು ಹಣ, ಆಮೇಲೆ ನವೆಂಬರ್ 1ಕ್ಕೆ ನಿಮ್ಮ ಅರ್ಜಿ ಎಷ್ಟು ಗಟ್ಟಿಯಾಗಿರುತ್ತದೆ ಅನ್ನುವುದು, ಆಮೇಲೆ ಅಂಕಿ ಅಂಶ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಮೊದಲು ಸುತ್ತುಗಳ ಪರಿಚಯ

ಅರ್ಲಿ ಡಿಸಿಷನ್, ಅಂದರೆ ಇಡಿ. ಇದು ಕಟ್ಟುಪಾಡಿನ ಸುತ್ತು. ಒಂದೇ ಒಂದು ಕಾಲೇಜಿಗೆ ಹಾಕಬಹುದು. ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ, ಬೇರೆ ಎಲ್ಲ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ಆ ಕರಾರಿಗೆ ವಿದ್ಯಾರ್ಥಿ, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್, ಮೂವರೂ ಸಹಿ ಹಾಕಬೇಕು. ಗಡುವು ಸಾಮಾನ್ಯವಾಗಿ ನವೆಂಬರ್ 1 ಅಥವಾ 15. ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ. ಬ್ರೌನ್, ಕಾರ್ನೆಲ್, ಕೊಲಂಬಿಯಾ, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ (ಪೆನ್), ಡ್ಯೂಕ್, ನಾರ್ತ್‌ವೆಸ್ಟರ್ನ್ ಇವೆಲ್ಲ ಇಡಿ ಇಟ್ಟಿವೆ.

ಇಡಿ 2 ಕೂಡ ಅದೇ ಕಟ್ಟುಪಾಡು, ತಾರೀಖು ಮಾತ್ರ ಬೇರೆ. ಜನವರಿ ಮೊದಲ ವಾರದಲ್ಲಿ ಗಡುವು, ಫೆಬ್ರವರಿ ಮಧ್ಯದಲ್ಲಿ ಉತ್ತರ. ಷಿಕಾಗೋ, ಜಾನ್ಸ್ ಹಾಪ್ಕಿನ್ಸ್, ವ್ಯಾಂಡರ್‌ಬಿಲ್ಟ್, ಎಮೊರಿ, ಟಫ್ಟ್ಸ್, ಎನ್‌ವೈಯು ಮತ್ತು ಬಹಳಷ್ಟು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ (ಮುಖ್ಯವಾಗಿ ಡಿಗ್ರಿ ಪಾಠಕ್ಕೆ ಒತ್ತು ಕೊಡುವ ಕಾಲೇಜುಗಳು) ಇದು ಉಂಟು. ಬ್ರೌನ್, ಡ್ಯೂಕ್, ಪೆನ್‌ಗಳಲ್ಲಿ ಇಲ್ಲ.

ಅರ್ಲಿ ಆಕ್ಷನ್, ಅಂದರೆ ಇಎ. ಬೇಗ ಹಾಕಿ, ಬೇಗ ಉತ್ತರ ಪಡೆಯಿರಿ, ಸೇರುವ ಕಟ್ಟುಪಾಡು ಇಲ್ಲ. ಮೇ 1ರವರೆಗೆ ಯೋಚಿಸಬಹುದು. ಎಂಐಟಿ, ಮಿಷಿಗನ್, ಜಾರ್ಜಿಯಾ ಟೆಕ್, ಪರ್ಡ್ಯೂ, ಇಲಿನಾಯ್‌ನ ಅರ್ಬಾನಾ ಷಾಂಪೇನ್ ಇವುಗಳಲ್ಲಿ ಈ ಪದ್ಧತಿ ಇದೆ.

ನಿರ್ಬಂಧಿತ ಅರ್ಲಿ ಆಕ್ಷನ್ ಅನ್ನುವುದು ಇವೆರಡರ ನಡುವಿನದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಕ್ಯಾಲ್‌ಟೆಕ್, ನೋಟರ್ ಡೇಮ್ ಈ ದಾರಿ ಹಿಡಿದಿವೆ. ಸೀಟು ಸಿಕ್ಕರೆ ಸೇರಲೇಬೇಕು ಅಂತಿಲ್ಲ. ಆದರೆ ಅಲ್ಲಿ ಬೇಗ ಹಾಕಿದರೆ ಬೇರೆಡೆ ಬೇಗ ಹಾಕುವುದಕ್ಕೆ ಮಿತಿ ಬೀಳುತ್ತದೆ. ಉದಾಹರಣೆಗೆ ಹಾರ್ವರ್ಡ್‌ಗೆ ಹಾಕಿದವರು ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅದೇ ಹೊತ್ತಿಗೆ ಅರ್ಲಿ ಹಾಕುವಂತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಹೊರಗಿನ ಕಾಲೇಜಿಗೂ ಹಾಕಬಹುದು.

ಇನ್ನು ರೆಗ್ಯುಲರ್. ಜನವರಿ ಮೊದಲ ವಾರದಲ್ಲಿ ಗಡುವು, ಮಾರ್ಚ್ ಕೊನೆಗೆ ಉತ್ತರ, ಮೇ 1ರೊಳಗೆ ನಿರ್ಧಾರ. ಎಷ್ಟು ಕಾಲೇಜಿಗೆ ಬೇಕಾದರೂ ಹಾಕಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು, ಅಂದರೆ ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇತ್ಯಾದಿ, ಈ ಗೋಜಿಗೇ ಹೋಗಿಲ್ಲ. ಅಲ್ಲಿ ಅರ್ಲಿ ಸುತ್ತೇ ಇಲ್ಲ, ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕವನ್ನೂ ನೋಡುವುದಿಲ್ಲ. ನವೆಂಬರ್ ಕೊನೆಯ ಹೊತ್ತಿಗೆ ಎಲ್ಲರಿಗೂ ಒಂದೇ ಗಡುವು. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಇವೇ ಇದ್ದರೆ ಅರ್ಧ ತಲೆನೋವು ಹೋಯಿತು.

ಹೆಜ್ಜೆ 1: ಹಣದ ಮಾತು ಮುಗಿಸಿ

ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷಕ್ಕೆ ಸುಮಾರು 85,000ದಿಂದ 95,000 ಡಾಲರ್ ಆಗುತ್ತದೆ. ರೂಪಾಯಿ ಲೆಕ್ಕದಲ್ಲಿ 75 ಲಕ್ಷದ ಆಸುಪಾಸು, ಕೆಲವು ಕಡೆ ಅದಕ್ಕೂ ಮೇಲೆ. ನಾಲ್ಕು ವರ್ಷಕ್ಕೆ 3 ಕೋಟಿ. ಈ ಅಂಕಿಯನ್ನು ಮನೆಯಲ್ಲಿ ಎಲ್ಲರ ಮುಂದೆ ಜೋರಾಗಿ ಓದಿ ಹೇಳಿ. ಮಕ್ಕಳಿಗೂ ಗೊತ್ತಾಗಲಿ.

ಇಡಿ ಹಾಕುವುದೆಂದರೆ ಬೆಲೆ ಎಷ್ಟೆಂದು ಗೊತ್ತಾಗುವ ಮೊದಲೇ ಸೈಟಿಗೆ ಅಡ್ವಾನ್ಸ್ ಕೊಟ್ಟ ಹಾಗೆ. ಕಾಲೇಜು ಕೊಡುವ ಹಣಕಾಸು ನೆರವಿನ ಮೊತ್ತ ನಿಮಗೆ ತಿಳಿಯುವುದು ಸೀಟು ಸಿಕ್ಕ ಪತ್ರದ ಜೊತೆಗೆ. ಅಷ್ಟೊತ್ತಿಗೆ ಸೇರುತ್ತೇನೆಂದು ಸಹಿ ಹಾಕಿ ಆಗಿರುತ್ತದೆ. ಬೇರೆ ಕಾಲೇಜು ಎಷ್ಟು ಕೊಡುತ್ತಿತ್ತು ಎಂದು ಹೋಲಿಸುವ ಅವಕಾಶವೇ ಇರುವುದಿಲ್ಲ. ರೆಗ್ಯುಲರ್‌ನಲ್ಲಾದರೆ ಏಪ್ರಿಲ್‌ನಲ್ಲಿ ಮೂರು ನಾಲ್ಕು ಪತ್ರ ಎದುರಿಗಿಟ್ಟುಕೊಂಡು, ಒಂದು ಕಾಲೇಜಿನ ಮೊತ್ತ ತೋರಿಸಿ ಇನ್ನೊಂದರ ಹತ್ತಿರ ಸ್ವಲ್ಪ ಜಾಸ್ತಿ ಕೇಳಬಹುದು.

ಇಲ್ಲಿ ಮನೆಗಳು ಮೂರು ಬಗೆ.

ಪೂರ್ತಿ ಹಣ ಕೈಯಿಂದಲೇ ಕೊಡಬಲ್ಲವರು ಮೊದಲನೆಯವರು. ಸಾಲ ಮಾಡಿದರೂ ತೀರಿಸುವ ತಾಕತ್ತು ಇರುವವರು, ಮನೆ ಮಾರದೆ, ಎರಡನೇ ಮಗುವಿನ ಓದಿನ ದುಡ್ಡಿಗೆ ಕೈ ಹಾಕದೆ. ಇವರಿಗೆ ಇಡಿ ಬಾಗಿಲು ತೆರೆದೇ ಇದೆ. ಬಹಳಷ್ಟು ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗಳ ವಿಷಯದಲ್ಲಿ ಆಯ್ಕೆ ಮಾಡುವಾಗಲೇ ಹಣದ ಅಗತ್ಯವನ್ನು ನೋಡುತ್ತವೆ. ಸ್ಟ್ಯಾನ್‌ಫರ್ಡ್, ಪೆನ್, ಕೊಲಂಬಿಯಾ, ಕಾರ್ನೆಲ್ ಕೂಡ ಹಾಗೆಯೇ. ಹಾಗಾಗಿ ನೆರವು ಬೇಡ ಅನ್ನುವವರಿಗೆ ಅಲ್ಲಿ ಅನುಕೂಲ ಇದ್ದೇ ಇದೆ. ಕೇಳಲು ಚೆನ್ನಾಗಿಲ್ಲ, ಆದರೆ ಇರುವುದೇ ಹೀಗೆ.

ದೊಡ್ಡ ನೆರವಿಲ್ಲದೆ ಹೋಗುವುದೇ ಸಾಧ್ಯವಿಲ್ಲ ಅನ್ನುವವರು ಎರಡನೆಯವರು. ಇವರು ಮೊದಲು ನೋಡಬೇಕಾದದ್ದು, ಹೊರದೇಶದವರಿಗೂ ಹಣ ನೋಡದೆ ಸೀಟು ಕೊಟ್ಟು ಪೂರ್ತಿ ಅಗತ್ಯ, ಅಂದರೆ ಮನೆಯವರ ಕೈಗೆ ಮೀರಿದ ಖರ್ಚು, ತುಂಬಿಸುವ ಕಾಲೇಜುಗಳನ್ನು. ಆ ಪಟ್ಟಿ ಚಿಕ್ಕದು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್ಹರ್ಸ್ಟ್, ಬೌಡನ್ ಮುಂತಾದ ಕೆಲವೇ. ಇವುಗಳಲ್ಲಿ ಮೊದಲ ನಾಲ್ಕಕ್ಕೆ ಇಡಿ ಇಲ್ಲ, ಕಟ್ಟುಪಾಡಿಲ್ಲದ ಅರ್ಲಿ ಇದೆ. ಉಳಿದವಕ್ಕೆ ಇಡಿ ಇದೆ. ಇಂಥ ಕಾಲೇಜಿಗೆ ನೆರವು ಕೇಳಿಕೊಂಡೇ ಇಡಿ ಹಾಕುವುದು ತಪ್ಪಲ್ಲ, ಏಕೆಂದರೆ ಸೀಟು ಬಂದರೆ ಹಣವೂ ಬರುತ್ತದೆ. ಆದರೆ 'ಅಗತ್ಯ' ಎಷ್ಟು ಎಂದು ತೀರ್ಮಾನಿಸುವುದು ಕಾಲೇಜು, ನೀವಲ್ಲ.

ಅದಕ್ಕೇ ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ, ನೆರವು ಕಳೆದು ನಿಮಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಆದಾಯ, ಆಸ್ತಿ ಹಾಕಿ ನೋಡಿ. ಬಹುತೇಕ ಇವು ಅಮೆರಿಕದ ಕುಟುಂಬಗಳಿಗಾಗಿ ಮಾಡಿದವು, ಭಾರತದ ಲೆಕ್ಕಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಹೊರದೇಶದವರಿಗೆ ಬೇರೆ ಲೆಕ್ಕ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ನೇರವಾಗಿ ಇಮೇಲ್ ಬರೆಯಿರಿ. ಉತ್ತರ ಕೊಡುತ್ತಾರೆ. ಹಾಸನದ ಹತ್ತಿರ ಅಪ್ಪನ ಹೆಸರಿನಲ್ಲಿ ನಾಲ್ಕು ಎಕರೆ ತೋಟ ಇದ್ದರೆ ಅದನ್ನು ಹೇಗೆ ನೋಡುತ್ತೀರಿ ಅಂತ ಸಂಕೋಚ ಬಿಟ್ಟು ಕೇಳಿ. ತೋಟ ಕಾಗದದ ಮೇಲೆ ಕೋಟಿ ಬಾಳಬಹುದು, ವರ್ಷಕ್ಕೆ ಬರುವ ಆದಾಯ ಅದರಲ್ಲಿ ಎಷ್ಟೋ ಕಡಿಮೆ. ಇಂಥದ್ದು ಡಿಸೆಂಬರ್‌ನಲ್ಲಿ ಗೊತ್ತಾಗುವುದಕ್ಕಿಂತ ಸೆಪ್ಟೆಂಬರ್‌ನಲ್ಲಿ ಗೊತ್ತಾಗುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಸೀಟು ಸಿಗಲಿ ಅಂತ ಅರ್ಜಿಯಲ್ಲಿ 'ನೆರವು ಬೇಡ' ಎಂದು ಟಿಕ್ ಮಾಡಿ, ಆಮೇಲೆ ಕೇಳಿದರಾಯಿತು ಅನ್ನುವ ಲೆಕ್ಕಾಚಾರ ಮಾಡಬೇಡಿ. ಹೊರದೇಶದ ವಿದ್ಯಾರ್ಥಿ ಮೊದಲೇ ಕೇಳದಿದ್ದರೆ ಆಮೇಲೆ ನಾಲ್ಕು ವರ್ಷವೂ ಕೊಡುವುದಿಲ್ಲ ಅನ್ನುವ ನಿಯಮ ಹಲವು ಕಾಲೇಜುಗಳಲ್ಲಿದೆ.

ಮೂರನೆಯವರೇ ಕಷ್ಟದಲ್ಲಿರುವವರು. ಸ್ವಲ್ಪ ಕೊಡಬಲ್ಲರು, ಪೂರ್ತಿ ಆಗುವುದಿಲ್ಲ. ವರ್ಷಕ್ಕೆ 30 ಲಕ್ಷ ಹೊಂದಿಸಬಹುದು, 75 ಆಗುವುದಿಲ್ಲ. ಬೆಂಗಳೂರಿನ ಎರಡು ಸಂಬಳದ ಮನೆಗಳು ಬಹಳಷ್ಟು ಇಲ್ಲೇ ಬರುತ್ತವೆ. ಇವರಿಗೆ ಬೇಕಾದದ್ದು ಹೋಲಿಕೆ, ಮೆರಿಟ್ ಸ್ಕಾಲರ್‌ಷಿಪ್, ಚೌಕಾಸಿ. ಇಡಿಯಲ್ಲಿ ಹೋಲಿಕೆ, ಚೌಕಾಸಿ ಸಿಗುವುದಿಲ್ಲ, ಮೆರಿಟ್ ಹಣವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಇಂಥ ಮನೆಯವರಿಗೆ ನಾನು ಹೇಳುವುದು: ಇಡಿ ಬಿಡಿ, ಇಎ ಮತ್ತು ರೆಗ್ಯುಲರ್ ನೆಚ್ಚಿಕೊಳ್ಳಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಮೆರಿಟ್ ಸ್ಕಾಲರ್‌ಷಿಪ್ ಬೇಕಾದವರು ಇಎ ಗಡುವಿಗೇ ಹಾಕಬೇಕು. ಪರ್ಡ್ಯೂನಲ್ಲೂ ನವೆಂಬರ್ 1ರ ಗಡುವೇ ಮುಖ್ಯ. ಅಲ್ಲಿ ಬೇಗ ಹಾಕಿದರೆ ಲಾಭವೇ ಹೊರತು ಕಳೆದುಕೊಳ್ಳುವುದು ಏನೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೂ ಒಂದು ಮಾತು. ನೀವು ಎಚ್-1ಬಿ ಉದ್ಯೋಗ ವೀಸಾ ಮೇಲಿದ್ದು, ಮಗು ಎಚ್-4 ಅವಲಂಬಿತರ ವೀಸಾ ಮೇಲಿದ್ದರೆ, ಮಗು ಒಂದನೇ ತರಗತಿಯಿಂದ ಅಲ್ಲೇ ಓದಿದ್ದರೂ ಫೆಡರಲ್ ನೆರವು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ನೆರವು, ಸಿಗುವುದಿಲ್ಲ. ಬಹಳಷ್ಟು ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಅವರನ್ನು ಹೊರದೇಶದವರ ಸಾಲಿಗೇ ಸೇರಿಸುತ್ತವೆ. ಗ್ರೀನ್ ಕಾರ್ಡ್ ಬರುವ ಹಾದಿಯಲ್ಲಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಕೈಯಲ್ಲಿ ಇರಬೇಕು. ಹಾಗಾಗಿ ಇಡಿ ಸಹಿ ಹಾಕುವ ಮೊದಲು 'ನಮ್ಮ ಮಗುವನ್ನು ಯಾವ ಸಾಲಿನಲ್ಲಿ ನೋಡುತ್ತೀರಿ' ಅಂತ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಅದರ ಪಕ್ಕದಲ್ಲೇ ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಫೀಸು ಬರೆದಿಡಿ. ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಸ್ಥಳೀಯರ ಫೀಸೇ ಅನ್ವಯವಾಗುತ್ತದೆ. ಮನೆಯ ಹತ್ತಿರವೇ ಮಿಷಿಗನ್ನೋ ಜಾರ್ಜಿಯಾ ಟೆಕ್ಕೋ ಇರುವಾಗ ಇಡಿ ಹಾಕಿ ವರ್ಷಕ್ಕೆ 90,000 ಡಾಲರ್ ಕೊಡುವುದಕ್ಕೆ ಬಲವಾದ ಕಾರಣ ಬೇಕು.

ಇಡಿಯಲ್ಲಿ ಸೀಟು ಸಿಕ್ಕು ನೆರವು ಸಾಲದೇ ಹೋದರೆ? ಹಣದ ಕಾರಣಕ್ಕೆ ಬಿಡಿಸಿಕೊಳ್ಳುವ ದಾರಿ ಇದೆ. ಮೊದಲು ನೆರವಿನ ಕಚೇರಿಗೆ ಮರುಪರಿಶೀಲನೆ ಕೇಳಬೇಕು, ದಾಖಲೆ ಕೊಡಬೇಕು, ಆಗಲೂ ಆಗದಿದ್ದರೆ ಬಿಡುತ್ತಾರೆ. ಆದರೆ ಅದು ನಿಜವಾದ ಹಣದ ಕಷ್ಟಕ್ಕೆ ಮಾತ್ರ. ಮನಸ್ಸು ಬದಲಾಯಿತು ಅಂತ ಬಿಟ್ಟರೆ ಯಾರೂ ಕೋರ್ಟಿಗೆ ಎಳೆಯುವುದಿಲ್ಲ, ಏಟು ಬೀಳುವುದು ಶಾಲೆಯ ಮುಂದಿನ ವರ್ಷದ ಮಕ್ಕಳಿಗೆ. 2025ರಲ್ಲಿ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯ, ಹಿಂದಿನ ವರ್ಷ ವಿದ್ಯಾರ್ಥಿಯೊಬ್ಬರು ಇಡಿ ಮಾತಿಗೆ ತಪ್ಪಿದ ಹೈಸ್ಕೂಲಿನಿಂದ ಒಂದು ವರ್ಷ ಇಡಿ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ.

ಹೆಜ್ಜೆ 2: ನವೆಂಬರ್ 1ಕ್ಕೆ ಕೈಯಲ್ಲಿ ಏನಿರುತ್ತದೆ?

ಹಣದ ಪರೀಕ್ಷೆ ಪಾಸಾಯಿತು ಅನ್ನೋಣ. ಈಗ ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆ ನವೆಂಬರ್ 1ಕ್ಕೆ ಸಿದ್ಧ ಇರುವುದು, ಬಲಗಡೆ ಜನವರಿ 1ರೊಳಗೆ ಹೊಸದಾಗಿ ಸೇರುವುದು. ಬಲಗಡೆ ಗಟ್ಟಿಯಾದ ವಿಷಯ ಇದ್ದರೆ ಕಾಯುವುದಕ್ಕೆ ಅರ್ಥ ಇದೆ. ಇಲ್ಲದಿದ್ದರೆ ಇಲ್ಲ.

ಅಮೆರಿಕದ ಸಲಹೆಗಾರರು ಸಾಮಾನ್ಯವಾಗಿ ಹೇಳುವುದು ಹೀಗೆ: ಹನ್ನೆರಡನೇ ತರಗತಿಯ ಮೊದಲ ಸೆಮಿಸ್ಟರ್ ಅಂಕ ಚೆನ್ನಾಗಿ ಬರುವ ನಿರೀಕ್ಷೆ ಇದ್ದರೆ ರೆಗ್ಯುಲರ್‌ಗೆ ಕಾಯಿರಿ. ಆ ಮಾತು ನಮ್ಮ ಕಡೆಯ ವೇಳಾಪಟ್ಟಿಗೆ ಸರಿಯಾಗಿ ಕೂರುವುದಿಲ್ಲ. ದ್ವಿತೀಯ ಪಿಯುಸಿಯ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದೆ, ಪ್ರಥಮ ಪಿಯುಸಿ ಅಂಕ ಇದೆ, ಮಧ್ಯವಾರ್ಷಿಕ ಪರೀಕ್ಷೆ ಅಕ್ಟೋಬರ್ ಹೊತ್ತಿಗೆ ಮುಗಿದಿರುತ್ತದೆ. ಮುಂದಿನ ದೊಡ್ಡ ಪರೀಕ್ಷೆ, ಅಂದರೆ ಪ್ರಿಪರೇಟರಿ, ಬರುವುದು ಹೊಸ ವರ್ಷ ಆದ ಮೇಲೆ. ಹಾಗಾಗಿ ಜನವರಿ 1ರ ಗಡುವಿಗೆ ಹೊಸ ಅಂಕ ಏನೂ ಸೇರುವುದಿಲ್ಲ. ಕಾದದ್ದರಿಂದ ಅಂಕದ ಕಡೆಯಿಂದ ಲಾಭ ಸೊನ್ನೆ.

ಸಿಬಿಎಸ್‌ಇಯವರದು ಸ್ವಲ್ಪ ಬೇರೆ. ಅರ್ಧವಾರ್ಷಿಕ ಪರೀಕ್ಷೆ ಸೆಪ್ಟೆಂಬರ್ ಸುಮಾರಿಗೆ, ಪ್ರಿ-ಬೋರ್ಡ್ ಡಿಸೆಂಬರ್ ಜನವರಿಯಲ್ಲಿ. ಹನ್ನೊಂದನೇ ತರಗತಿ ಸ್ವಲ್ಪ ಕೆಟ್ಟಿದ್ದು ಈಗ ಸುಧಾರಿಸಿಕೊಂಡಿರುವ ಹುಡುಗನಿಗೆ ಡಿಸೆಂಬರ್‌ನಲ್ಲಿ ಮೊದಲ ಪ್ರಿ-ಬೋರ್ಡ್ ಮುಗಿಯುವ ಶಾಲೆಯಾಗಿದ್ದರೆ ಆ ಎರಡು ತಿಂಗಳು ನಿಜಕ್ಕೂ ಬೆಲೆಬಾಳುತ್ತವೆ.

ಎಸ್‌ಎಟಿ ಇನ್ನೊಂದು ವಿಷಯ. ಎಂಐಟಿ, ಹಾರ್ವರ್ಡ್, ಬ್ರೌನ್, ಡಾರ್ಟ್‌ಮತ್ ಮತ್ತೆ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಹೊರದೇಶಗಳಲ್ಲಿ ಆಗಸ್ಟ್, ಅಕ್ಟೋಬರ್, ನವೆಂಬರ್, ಡಿಸೆಂಬರ್‌ನಲ್ಲಿ ಎಸ್‌ಎಟಿ ನಡೆಯುತ್ತದೆ. ನವೆಂಬರ್ 1ರ ಅರ್ಜಿಗೆ ನೆಮ್ಮದಿಯಿಂದ ತಲುಪುವುದು ಅಕ್ಟೋಬರ್‌ನ ಅಂಕ. ಆಗಸ್ಟ್‌ನಲ್ಲಿ 1420 ಬಂದು, ಮನೆಯ ಮಾದರಿ ಪರೀಕ್ಷೆಗಳಲ್ಲಿ 1520 ಬರುತ್ತಿದ್ದರೆ, ಅಕ್ಟೋಬರ್ ಪರೀಕ್ಷೆ ಬರೆದು ನೋಡಿ. ಅದೂ ಏರದಿದ್ದರೆ ಡಿಸೆಂಬರ್‌ವರೆಗೆ ಕಾಯುವ ಮಾತಾಡಿ. 1510 ಇರುವುದನ್ನು 1550 ಮಾಡಲು ಅರ್ಲಿ ಬಿಡುವುದು ಸುಮ್ನೆ ವೇಳೆ ಹಾಳು.

ನಮ್ಮ ಕಡೆ ಅರ್ಲಿ ಅರ್ಜಿಯನ್ನು ನಿಜವಾಗಿ ಕೆಡಿಸುವುದು ಕಾಗದಪತ್ರ. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ತಾಣ) ಕೇಳುವುದು ಒಂಬತ್ತರಿಂದ ಹನ್ನೆರಡರವರೆಗಿನ ಅಂಕ. ಪಿಯುಸಿಯವರ ಮೊದಲೆರಡು ವರ್ಷ ಹೈಸ್ಕೂಲಿನಲ್ಲಿ, ಮುಂದಿನೆರಡು ಪಿಯು ಕಾಲೇಜಿನಲ್ಲಿ. ಎರಡು ಕಡೆ ಓಡಾಡಿ ಒಂಬತ್ತನೇ ತರಗತಿಯ ಅಂಕವನ್ನು ಲೆಟರ್‌ಹೆಡ್‌ನಲ್ಲಿ ತೆಗೆಸಬೇಕು. ಅನೇಕ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಅನ್ನುವ ಹುದ್ದೆಯೇ ಇಲ್ಲ, ಆ ಕೆಲಸ ಪ್ರಿನ್ಸಿಪಾಲರೋ ಉಪನ್ಯಾಸಕರೋ ಮಾಡಬೇಕು. ಅವರು ಆನ್‌ಲೈನ್ ಖಾತೆ ತೆರೆದು, ಶಾಲೆಯ ವಿವರ ಬರೆದು, ಅಂಕಪಟ್ಟಿ ಏರಿಸಿ, ಶಿಫಾರಸು ಪತ್ರ ಬರೆಯಬೇಕು. ಇಡಿಯಾದರೆ ಕರಾರಿಗೆ ಸಹಿಯನ್ನೂ ಹಾಕಬೇಕು. 'ಸಾರ್, ಇದರಲ್ಲಿ ಏನು ಬರೆದಿದೆ ಅಂದರೆ...' ಅಂತ ಆಗಸ್ಟ್‌ನಲ್ಲೇ ಕೂತು ವಿವರಿಸಿ. ದಸರಾ ರಜೆ, ಕೆಲವು ವರ್ಷ ದೀಪಾವಳಿ ರಜೆಯೂ, ಸರಿಯಾಗಿ ಈ ಗಡುವಿನ ಮುಂಚೆ ಬರುತ್ತವೆ. ಅಕ್ಟೋಬರ್ 25ಕ್ಕೆ ಹೋಗಿ ಪತ್ರ ಕೇಳಿದರೆ ಎರಡು ಸಾಲಿನ 'ಇವನು ಒಳ್ಳೆಯ ಹುಡುಗ' ಸಿಗುತ್ತದೆ ಅಷ್ಟೆ. ಅಂಥ ಪತ್ರದ ಜೊತೆ ನವೆಂಬರ್‌ನಲ್ಲಿ ಹೋಗುವುದಕ್ಕಿಂತ ಒಳ್ಳೆಯ ಪತ್ರದ ಜೊತೆ ಜನವರಿಯಲ್ಲಿ ಹೋಗುವುದು ವಾಸಿ.

ಅರ್ಜಿಯ ಜೊತೆ ಬರೆದು ಕಳಿಸಬೇಕಾದ ಪ್ರಬಂಧದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಟೋಬರ್ 10ರ ಹೊತ್ತಿಗೆ ಮುಖ್ಯ ಪ್ರಬಂಧದ ಪೂರ್ತಿ ಕರಡು ಇಲ್ಲವೆಂದರೆ ನೀವು ಅರ್ಲಿಗೆ ಸಿದ್ಧರಿಲ್ಲ.

ಜೆಇಇ ಬರೆಯುವವರಿಗೆ ಲೆಕ್ಕ ಬೇರೆ ದಿಕ್ಕಿಗೆ ತಿರುಗುತ್ತದೆ. ಜೆಇಇ ಮೇನ್ ಮೊದಲ ಸೆಷನ್ ಜನವರಿ ಕೊನೆಗೆ. ಹತ್ತು ರೆಗ್ಯುಲರ್ ಅರ್ಜಿ, ಅವುಗಳ ಇಪ್ಪತ್ತು ಮೂವತ್ತು ಸಣ್ಣ ಪ್ರಬಂಧ, ಇವೆಲ್ಲ ಡಿಸೆಂಬರ್‌ನಲ್ಲೇ ಬೀಳುತ್ತವೆ. ಎರಡೂ ದೋಣಿಯಲ್ಲಿ ಕಾಲಿಟ್ಟಿರುವ ಮಕ್ಕಳಿಗೆ ಇರುವಷ್ಟು ಕೆಲಸವನ್ನು ಅಕ್ಟೋಬರ್‌ನಲ್ಲೇ ಮುಗಿಸಿ, ಡಿಸೆಂಬರ್ ಪೂರ್ತಿ ಭೌತಶಾಸ್ತ್ರಕ್ಕೆ ಬಿಡುವುದು ಒಳ್ಳೆಯದು.

ಹೆಜ್ಜೆ 3: ಶೇಕಡಾವಾರಿನ ಒಳಗೆ ಇಣುಕಿ

ಈಗ ಎಲ್ಲರಿಗೂ ಇಷ್ಟವಾದ ವಿಷಯಕ್ಕೆ ಬರೋಣ.

2024ರಲ್ಲಿ ಸೇರಿದ ಬ್ಯಾಚಿಗೆ ಬ್ರೌನ್ ವಿಶ್ವವಿದ್ಯಾಲಯಕ್ಕೆ ಇಡಿಯಲ್ಲಿ 6,244 ಅರ್ಜಿ ಬಂದವು, 898 ಮಂದಿಗೆ ಸೀಟು ಸಿಕ್ಕಿತು. ಅಂದರೆ ಶೇ. 14.4. ಅದೇ ವರ್ಷ ಒಟ್ಟು ಅರ್ಜಿ 48,881, ಒಟ್ಟು ಸೀಟು ಸಿಕ್ಕವರು 2,521. ಶೇ. 5.2. ಪತ್ರಿಕೆಗಳಲ್ಲಿ ಬರುವುದು ಈ ಎರಡು ಅಂಕಿ. ಆದರೆ 5.2ರ ಒಳಗೆ ಇಡಿಯವರೂ ಸೇರಿದ್ದಾರೆ. ಅವರನ್ನು ಕಳೆದರೆ 42,637 ಅರ್ಜಿಗೆ 1,623 ಸೀಟು, ಶೇ. 3.8. ಹೋಲಿಸಬೇಕಾದದ್ದು 14.4 ಮತ್ತು 3.8ನ್ನು.

ಹೆಚ್ಚುಕಡಿಮೆ ನಾಲ್ಕು ಪಟ್ಟು ಅಂತ ಖುಷಿಪಡುವ ಮೊದಲು ಆ 898ರಲ್ಲಿ ಯಾರ್‍ಯಾರು ಇದ್ದಾರೆ ನೋಡಿ. ಕೋಚ್‌ಗಳು ಮೊದಲೇ ಗುರುತಿಸಿದ ಕ್ರೀಡಾಪಟುಗಳು ಬಹುಪಾಲು ಈ ಸುತ್ತಿನಲ್ಲೇ ಬರುತ್ತಾರೆ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಇರುವ ಕಡೆ ಅವರೂ ಇಲ್ಲೇ. ಕ್ವೆಸ್ಟ್‌ಬ್ರಿಡ್ಜ್‌ನಂಥ ಕಾರ್ಯಕ್ರಮದ ಮೂಲಕ ಬರುವ ಬಡ ಕುಟುಂಬದ ಅಮೆರಿಕನ್ ಮಕ್ಕಳೂ ಇದೇ ಹೊತ್ತಿಗೆ. ಜೊತೆಗೆ, ಅಕ್ಟೋಬರ್‌ನಲ್ಲೇ ಎಲ್ಲ ಮುಗಿಸಿ ಹಾಕುವ ಮಕ್ಕಳು ಸರಾಸರಿಗಿಂತ ಅಚ್ಚುಕಟ್ಟಾದವರೇ ಆಗಿರುತ್ತಾರೆ. ಇವರನ್ನೆಲ್ಲ ತೆಗೆದರೆ ಉಳಿಯುವ ಅಂತರ ನಾಲ್ಕು ಪಟ್ಟಿಗಿಂತ ಎಷ್ಟೋ ಕಡಿಮೆ.

ಹಾಗಂತ ಅಂತರ ಪೂರ್ತಿ ಭ್ರಮೆಯೂ ಅಲ್ಲ. 2003ರಲ್ಲಿ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ ದೊಡ್ಡ ಅಧ್ಯಯನವೊಂದು, ಅರ್ಲಿ ಹಾಕುವುದರಿಂದ ಸಿಗುವ ಅನುಕೂಲ ಎಸ್‌ಎಟಿಯಲ್ಲಿ ಸುಮಾರು 100 ಅಂಕ ಜಾಸ್ತಿ ಬಂದದ್ದಕ್ಕೆ ಸಮ ಎಂದು ಹೇಳಿತ್ತು. ಕಾರಣ ಸರಳ. ಇಡಿಯಲ್ಲಿ ಸೀಟು ಕೊಟ್ಟರೆ ಆ ವಿದ್ಯಾರ್ಥಿ ಖಂಡಿತ ಬರುತ್ತಾನೆ. ರೆಗ್ಯುಲರ್‌ನಲ್ಲಿ ಕೊಟ್ಟರೆ ಬರಬಹುದು, ಬರದೆಯೂ ಇರಬಹುದು. ತರಗತಿ ತುಂಬಿಸುವ ಚಿಂತೆ ಇರುವ ಕಾಲೇಜಿಗೆ ಖಾತ್ರಿ ಅನ್ನುವುದು ದೊಡ್ಡ ವಿಷಯ. ಡಾರ್ಟ್‌ಮತ್ 2024ರಲ್ಲಿ ಸೇರಿದ ಬ್ಯಾಚಿಗೆ ಇಡಿಯಲ್ಲೇ 606 ಮಂದಿಯನ್ನು ತೆಗೆದುಕೊಂಡಿತು. ಅದರ ಒಂದು ಬ್ಯಾಚೇ 1,200ರ ಆಸುಪಾಸು. ಅರ್ಧ ಬಸ್ಸು ಡಿಸೆಂಬರ್‌ನಲ್ಲೇ ತುಂಬಿತು.

ಈ ಪದ್ಧತಿ ಉಳ್ಳವರ ಪರ ಅನ್ನುವ ದೂರು ಹಳೆಯದು. 2006ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಅದೇ ಕಾರಣ ಕೊಟ್ಟು ಅರ್ಲಿ ಸುತ್ತನ್ನೇ ನಿಲ್ಲಿಸುವುದಾಗಿ ಹೇಳಿದವು. ಬೇರೆಯವರು ಹೆಚ್ಚಾಗಿ ಹಿಂಬಾಲಿಸಲಿಲ್ಲ. 2011ರಲ್ಲಿ ಇವೆರಡೂ ವಾಪಸ್ ಬಂದವು.

ಕಟ್ಟುಪಾಡಿಲ್ಲದ ಅರ್ಲಿಯಲ್ಲಿ ಅಂತರ ಕಡಿಮೆ. 2024ರ ಅದೇ ಬ್ಯಾಚಿಗೆ ಎಂಐಟಿ ಇಎಯಲ್ಲಿ 12,563ರಲ್ಲಿ 661 ಮಂದಿಯನ್ನು ತೆಗೆದುಕೊಂಡಿತು, ಶೇ. 5.3. ಒಟ್ಟಾರೆ ಶೇ. 4.5. ಯೇಲ್‌ನಲ್ಲಿ ಅರ್ಲಿ ಶೇ. 9, ಒಟ್ಟಾರೆ ಶೇ. 3.7. ಯೇಲ್‌ನ ಅಂತರ ದೊಡ್ಡದಾಗಿ ಕಂಡರೂ ಅಲ್ಲಿ ಕ್ರೀಡಾಪಟುಗಳಿಗೆ, ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಇದೆ. ಎಂಐಟಿ ಹಳೆ ವಿದ್ಯಾರ್ಥಿಗಳ ಮಕ್ಕಳು ಅಂತ ನೋಡುವುದೇ ಇಲ್ಲ.

ನಿಮ್ಮ ಪಟ್ಟಿಯ ಕಾಲೇಜುಗಳಿಗೆ ಈ ಲೆಕ್ಕ ನೀವೇ ಮಾಡಿ. ಬಹುತೇಕ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಅನ್ನುವ ದಾಖಲೆ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಪದ ಹಾಕಿ ಹುಡುಕಿದರೆ ಸಿಗುತ್ತದೆ. ಅದರ ಸಿ1 ಅನ್ನುವ ವಿಭಾಗದಲ್ಲಿ ಒಟ್ಟು ಅರ್ಜಿ ಮತ್ತು ಸೀಟು ಸಿಕ್ಕವರು. ಸಿ21ರಲ್ಲಿ ಇಡಿಯ ಅರ್ಜಿ ಮತ್ತು ಸೀಟು. ಬ್ರೌನ್‌ಗೆ ಮಾಡಿದ ಹಾಗೆ ಒಂದನ್ನು ಇನ್ನೊಂದರಿಂದ ಕಳೆಯಿರಿ. ಸಿ7ರಲ್ಲಿ ವಿದ್ಯಾರ್ಥಿಯ ಆಸಕ್ತಿಯನ್ನು ಕಾಲೇಜು ಪರಿಗಣಿಸುತ್ತದೆಯೇ ಅಂತ ಇರುತ್ತದೆ. ಅಲ್ಲಿ 'ಮುಖ್ಯ' ಎಂದಿದ್ದರೆ ಇಡಿಯ ತೂಕ ಜಾಸ್ತಿ ಅಂತ ಊಹಿಸಬಹುದು. ಎಚ್6 ಅನ್ನು ಮರೆಯಬೇಡಿ. ಹೊರದೇಶದ ಎಷ್ಟು ವಿದ್ಯಾರ್ಥಿಗಳಿಗೆ ನೆರವು ಕೊಟ್ಟರು, ಸರಾಸರಿ ಎಷ್ಟು ಕೊಟ್ಟರು ಅನ್ನುವುದು ಅಲ್ಲಿದೆ. ನನಗೆ ಕೇಳಿದರೆ ಆ ಇಡೀ ದಾಖಲೆಯಲ್ಲಿ ಭಾರತದ ಪೋಷಕರಿಗೆ ಅತ್ಯಂತ ಉಪಯೋಗದ ಸಾಲು ಅದೇ.

ಒಂದು ಮಾತು ನೆನಪಿರಲಿ. ಈ ಅಂಕಿಗಳೆಲ್ಲ ಎಲ್ಲ ದೇಶದವರನ್ನೂ ಸೇರಿಸಿ ಹೇಳುವುದು. ಹೊರದೇಶದವರಿಗೆ ಸೀಟು ಸಿಗುವ ಪ್ರಮಾಣ ಬಹುತೇಕ ಕಡೆ ಇದಕ್ಕಿಂತ ಕಡಿಮೆ.

ಹೆಜ್ಜೆ 4: ಯಾವ ಕಾಲೇಜಿಗೆ ಬಳಸಬೇಕು?

ಇಡಿ ಹಾಕಲು ಒಂದೇ ಅವಕಾಶ. ಅದನ್ನು ಕನಸಿನ ಕಾಲೇಜಿಗೆ ಹಾಕಬೇಕೋ, ಸಿಗಬಹುದಾದ ಕಾಲೇಜಿಗೆ ಹಾಕಬೇಕೋ?

ಅರ್ಜಿ ಎಷ್ಟೇ ಬೇಗ ಹಾಕಿದರೂ ದುರ್ಬಲ ಅರ್ಜಿ ಬಲವಾಗುವುದಿಲ್ಲ. ಆ ಕಾಲೇಜಿಗೆ ಸೇರಿದವರ ಎಸ್‌ಎಟಿ ಅಂಕದ ಮಧ್ಯದ ಶೇ. 50 ಎಲ್ಲಿಂದ ಎಲ್ಲಿವರೆಗೆ ಇದೆ ನೋಡಿ. ಅದರ ಕೆಳಗಿನ ತುದಿಗಿಂತ ನಿಮ್ಮ ಅಂಕ ಕಡಿಮೆ ಇದ್ದು, ಬೇರೆ ದೊಡ್ಡ ಸಾಧನೆ ಇಲ್ಲದಿದ್ದರೆ, ಅಲ್ಲಿ ಇಡಿ ಹಾಕುವುದು ಅವಕಾಶ ಕಳೆದುಕೊಂಡಂತೆ. ಮಧ್ಯದಲ್ಲೋ ಸ್ವಲ್ಪ ಮೇಲೋ ಇದ್ದರೆ ಇಡಿ ನಿಜವಾಗಿ ಕೆಲಸ ಮಾಡುತ್ತದೆ. ಅಲ್ಲಿ ಅರ್ಹರು ತುಂಬ ಜನ, ಸೀಟು ಕಡಿಮೆ. 'ಇವನು ಬಂದೇ ಬರುತ್ತಾನೆ' ಅನ್ನುವ ಖಾತ್ರಿ ಅಂಥ ಜಾಗದಲ್ಲಿ ತಕ್ಕಡಿಯನ್ನು ವಾಲಿಸುತ್ತದೆ.

ಆಸೆಯ ಪರೀಕ್ಷೆಯೂ ಒಂದಿದೆ. ಮಗಳನ್ನು ಕೇಳಿ: ಏಪ್ರಿಲ್‌ನಲ್ಲಿ ನಿನ್ನ ಪಟ್ಟಿಯ ಎಲ್ಲ ಕಾಲೇಜಿನಲ್ಲೂ ಸೀಟು ಸಿಕ್ಕರೆ ಯಾವುದಕ್ಕೆ ಹೋಗುತ್ತೀಯ? ಥಟ್ಟನೆ ಒಂದು ಹೆಸರು ಬಂದರೆ ಇಡಿ ಯೋಚಿಸಬಹುದು. 'ಅದೂ ಚೆನ್ನಾಗಿದೆ, ಇದೂ ಚೆನ್ನಾಗಿದೆ' ಅಂದರೆ ಇಡಿ ಬೇಡ. ಹದಿನೇಳು ವರ್ಷದವರಿಗೆ ಅಕ್ಟೋಬರ್‌ನಲ್ಲಿ ಗೊತ್ತಿಲ್ಲದಿರುವುದು ಸಹಜ ಅಲ್ವಾ? ಮತ್ತೆ, ಹೆಸರು ಬಂದದ್ದು ಮಗಳ ಬಾಯಿಂದಲೋ ಚಿಕ್ಕಪ್ಪನ ಬಾಯಿಂದಲೋ ಅನ್ನುವುದನ್ನೂ ಗಮನಿಸಿ.

ಯಾವ ವಿಷಯ ಓದಬೇಕು ಅನ್ನುವುದು ಇನ್ನೂ ಓಲಾಡುತ್ತಿದ್ದರೆ ಜಾಗ್ರತೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಅರ್ಜಿಯಲ್ಲೇ ಹೇಳಬೇಕು, ಆಮೇಲೆ ಬದಲಾಯಿಸುವುದು ಬಹಳ ಕಷ್ಟ. ಕೆಲವು ಕಡೆ ಎರಡನೇ ವರ್ಷದವರೆಗೂ ಯೋಚಿಸಬಹುದು. ಕಟ್ಟುಪಾಡಿನ ಸಹಿಗೆ ಮೊದಲು ಇದನ್ನು ಆ ವಿಭಾಗದ ಪುಟದಲ್ಲೇ ಓದಿ.

ಹೆಜ್ಜೆ 5: ಪಟ್ಟಿ ಜೋಡಿಸಿ

ಕೆಲವು ಸಾಧ್ಯ ಜೋಡಣೆಗಳು ಇಲ್ಲಿವೆ.

ಮೈಸೂರಿನ ಪಿಯುಸಿ ಹುಡುಗಿ, ಗಣಿತದಲ್ಲಿ ಗಟ್ಟಿ, ಹಣ ಪೂರ್ತಿ ಬೇಕು. ಇವಳು ನವೆಂಬರ್‌ನಲ್ಲಿ ಎಂಐಟಿಗೆ ಇಎ ಹಾಕಬಹುದು. ಜೊತೆಗೆ ನಿರ್ಬಂಧವಿಲ್ಲದ ಬೇರೆ ಇಎಗಳೂ ಸರಿ. ಡಿಸೆಂಬರ್‌ನಲ್ಲಿ ಇಲ್ಲ ಅಂದರೆ, ನೆರವು ಚೆನ್ನಾಗಿ ಕೊಡುವ ಲಿಬರಲ್ ಆರ್ಟ್ಸ್ ಕಾಲೇಜೊಂದಕ್ಕೆ ಇಡಿ 2. ಉಳಿದವು ರೆಗ್ಯುಲರ್. ಮಧ್ಯೆ ಸಿಇಟಿ, ಜೆಇಇ ಇದ್ದೇ ಇವೆ, ಅವನ್ನು ಬಿಡಬಾರದು.

ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಯ ಹುಡುಗ, ಮನೆಯಲ್ಲಿ ಹಣದ ತೊಂದರೆ ಇಲ್ಲ, ಕಾರ್ನೆಲ್‌ನ ಎಂಜಿನಿಯರಿಂಗ್ ಬೇಕೇ ಬೇಕು. ನವೆಂಬರ್‌ನಲ್ಲಿ ಅಲ್ಲಿಗೆ ಇಡಿ, ಜೊತೆಗೆ ಪರ್ಡ್ಯೂ, ಇಲಿನಾಯ್ ಇಎ. ಇಡಿ ಇಟ್ಟಿರುವ ಕೆಲವು ಕಾಲೇಜುಗಳು ಬೇರೆ ಖಾಸಗಿ ಕಾಲೇಜಿನ ಇಎಗೂ ಷರತ್ತು ಹಾಕುತ್ತವೆ, ಸರ್ಕಾರಿ ವಿಶ್ವವಿದ್ಯಾಲಯದ ವಿಷಯದಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ಆಯಾ ವರ್ಷದ ನಿಯಮ ಓದಿಯೇ ಹಾಕಿ. ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ಗೂ ಮನಸ್ಸಿದ್ದರೆ ಅದರ ಗಡುವು ಇನ್ನೂ ಬೇಗ, ಅಕ್ಟೋಬರ್ 15. ಹಾಕಬಹುದು, ಆದರೆ ಇಡಿ ಸಿಕ್ಕರೆ ಅದನ್ನೂ ವಾಪಸ್ ತೆಗೆದುಕೊಳ್ಳಬೇಕು.

ಸ್ಯಾನ್ ಹೋಸೆಯ ಕನ್ನಡದ ಮನೆ, ಮಗಳು ಹುಟ್ಟಿದ್ದೇ ಅಲ್ಲಿ. ಅವಳ ಶಾಲೆಯಿಂದ ಇಪ್ಪತ್ತು ಮಂದಿ ಸ್ಟ್ಯಾನ್‌ಫರ್ಡ್‌ಗೆ ಅರ್ಲಿ ಹಾಕುತ್ತಾರೆ. ಆ ನೂಕುನುಗ್ಗಲಿನಲ್ಲಿ ಇಪ್ಪತ್ತೊಂದನೆಯವಳಾಗುವುದರಿಂದ ಬಹಳ ಲಾಭ ನನಗೆ ಕಾಣುವುದಿಲ್ಲ. ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿ ಚೆನ್ನಾಗಿ ಬರೆದು, ಜೊತೆಗೆ ಮೂರು ನಾಲ್ಕು ಇಎ ಹಾಕಿದರೆ ಡಿಸೆಂಬರ್ ಜನವರಿಯಲ್ಲೇ ಒಂದೆರಡು ಸೀಟು ಕೈಗೆ ಬರುವ ಸಾಧ್ಯತೆ ಉಂಟು.

ಹೆಜ್ಜೆ 6: ಡಿಸೆಂಬರ್ ಎರಡನೇ ವಾರಕ್ಕೆ ಮೊದಲೇ ಮಾಡಬೇಕಾದದ್ದು

ಇಡಿ ಉತ್ತರ ಬರುವುದು ಡಿಸೆಂಬರ್ 15ರ ಆಸುಪಾಸು. ರೆಗ್ಯುಲರ್ ಮತ್ತು ಇಡಿ 2 ಗಡುವು ಜನವರಿ 1ರಿಂದ 5. ನಡುವೆ ಎರಡೂವರೆ ವಾರ. ಅದರಲ್ಲಿ ಕ್ರಿಸ್‌ಮಸ್ ರಜೆ. ಬೇಜಾರಿನಲ್ಲಿರುವ ಮಗು ಹತ್ತು ದಿನದಲ್ಲಿ ಒಂಬತ್ತು ಕಾಲೇಜಿನ ಪ್ರಬಂಧ ಬರೆಯಲಾರದು. ಹಾಗಾಗಿ ಇಡಿ ಹಾಕಿದ ಮಾರನೇ ವಾರದಿಂದಲೇ ಉಳಿದ ಅರ್ಜಿಗಳನ್ನು ಬರೆದು ಇಟ್ಟುಕೊಳ್ಳಿ. ಪ್ರತಿ ಅರ್ಜಿಗೆ ಸಾಮಾನ್ಯವಾಗಿ 75ರಿಂದ 90 ಡಾಲರ್ ಶುಲ್ಕ, ಅದನ್ನು ಉತ್ತರ ಬರುವವರೆಗೆ ಕಟ್ಟದೆ ಇರಬಹುದು. ಆದರೆ ಬರೆದು ಮುಗಿದಿರಲಿ. ಶಿಫಾರಸು ಪತ್ರಗಳನ್ನೂ ಆಗಲೇ ಏರಿಸಿರಲಿ.

ಉತ್ತರ ಮೂರು ಬಗೆಯದು. ಇಲ್ಲ ಅಂದರೆ ಅದೇ ಕಾಲೇಜಿಗೆ ಆ ವರ್ಷ ರೆಗ್ಯುಲರ್‌ನಲ್ಲಿ ಮತ್ತೆ ಹಾಕುವಂತಿಲ್ಲ. ಡೆಫರ್ ಅಂದರೆ ಅರ್ಜಿಯನ್ನು ರೆಗ್ಯುಲರ್ ರಾಶಿಗೆ ತಳ್ಳಿದ್ದಾರೆ ಅಂತ. ಆಗ ಇಡಿಯ ಕಟ್ಟುಪಾಡು ಬಿದ್ದುಹೋಗುತ್ತದೆ, ಬೇರೆಡೆ ಇಡಿ 2 ಹಾಕಬಹುದು. ಡೆಫರ್ ಆದವರು ಕಾಲೇಜು ಹೇಳಿದ ರೀತಿಯಲ್ಲಿ, ಹೇಳಿದ ಸಮಯಕ್ಕೆ, ಹೊಸ ಅಂಕ ಮತ್ತು ಒಂದು ಪುಟದ ಪತ್ರ ಕಳಿಸಬೇಕು. ಪಿಯುಸಿಯವರಿಗೆ ಪ್ರಿಪರೇಟರಿ ಅಂಕ ಕೆಲಸಕ್ಕೆ ಬರುವುದು ಇಲ್ಲೇ. ಹತ್ತು ಪತ್ರ, ಐದು ಶಿಫಾರಸು ಕಳಿಸಿ ಒತ್ತಡ ಹಾಕುವುದು ಬೇಡ.

ಸಿಕ್ಕಿತು ಅಂದರೆ, ಮೊದಲು ನೆರವಿನ ಪತ್ರವನ್ನು ಸಾಲು ಸಾಲಾಗಿ ಓದಿ. ಸಾಲ ಎಷ್ಟು, ಕ್ಯಾಂಪಸ್ ಕೆಲಸ ಎಷ್ಟು, ಉಚಿತ ಎಷ್ಟು ಅಂತ ಬೇರೆ ಬೇರೆ ಮಾಡಿ. ಸರಿಯಿದ್ದರೆ ಠೇವಣಿ ಕಟ್ಟಿ, ಉಳಿದ ಎಲ್ಲ ಅರ್ಜಿಗಳನ್ನು ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಳ್ಳಿ. ಬೇರೆ ಕಡೆ ಏನು ಬರುತ್ತದೋ ನೋಡೋಣ ಅಂತ ಇಟ್ಟುಕೊಳ್ಳುವುದು ಕರಾರಿನ ಉಲ್ಲಂಘನೆ. ಆಮೇಲೆ ಪಿಯುಸಿ ಅಥವಾ ಬೋರ್ಡ್ ಪರೀಕ್ಷೆಗೆ ಕೂರಿಸಿ. ಡಿಸೆಂಬರ್‌ನಲ್ಲಿ ಕೊಟ್ಟ ಸೀಟಿಗೆ ಅಂತಿಮ ಅಂಕಪಟ್ಟಿಯ ಷರತ್ತು ಇರುತ್ತದೆ. 95 ಬರುತ್ತದೆ ಎಂದು ಪಿಯು ಕಾಲೇಜಿನವರು ಬರೆದುಕೊಟ್ಟು, ಮಾರ್ಚ್ ಪರೀಕ್ಷೆಯಲ್ಲಿ 70 ಬಂದರೆ, ಆ ಸೀಟನ್ನು ವಾಪಸ್ ಪಡೆಯುವ ಹಕ್ಕು ವಿಶ್ವವಿದ್ಯಾಲಯಕ್ಕೆ ಇದೆ.